ಕೀಸುಳಿಯಿಂದ ಜಾಯಿಂಟರ್‌ವರೆಗೆ: ಒಂದು ನೇರ ಅಂಚಿನ ಚರಿತ್ರೆ

ಎರಡು ಹಲಗೆಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಬೆಳಕು ಹಾಯದಂತೆ ಕೂಡಿಸುವುದು ಬಡಗಿ ಕೆಲಸದ ಮೊದಲ ಪರೀಕ್ಷೆ. ಬಾಗಿಲು, ಮೇಜು, ಪೆಟ್ಟಿಗೆ, ತೊಟ್ಟಿಲು, ದೇವರ ಮಂಟಪ ಯಾವುದೇ ಇರಲಿ, ಒಂದು ಹಲಗೆಯ ಅಗಲ ಸಾಲದೆ ಹೋದಾಗ ಇನ್ನೊಂದನ್ನು ಪಕ್ಕಕ್ಕೆ ಅಂಟಿಸಬೇಕು. ಅಂಟು ಎಷ್ಟೇ ಒಳ್ಳೆಯದಿದ್ದರೂ ಅಂಚು ಸೊಟ್ಟಗಿದ್ದರೆ ಆ ಜೋಡಣೆ ನಾಲ್ಕು ಮಳೆಗಾಲ ಕಾಣುವುದಿಲ್ಲ. ಈ ನೇರ ಅಂಚನ್ನು ಕೊಡುವ ಯಂತ್ರಕ್ಕೆ ಅಮೆರಿಕದವರು ಜಾಯಿಂಟರ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಅದೇ ಯಂತ್ರ ಪ್ಲೇನರ್. ಚೆನ್ನೈಯ ಮರದ ಅಂಗಡಿಗಳಲ್ಲಿ ಸರ್ಫೇಸ್ ಪ್ಲೇನರ್ ಎಂದರೂ ನಡೆಯುತ್ತದೆ, ‘ರಂದಾ ಮೆಷಿನ್’ ಎಂದರೂ ಅರ್ಥವಾಗುತ್ತದೆ.

ಕ್ರೋಂಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ, ಕಾರಿಲ್ಲದ ಕಾರಣಕ್ಕೆ ಖಾಲಿ ಉಳಿದ ಎಂಟಡಿ ಹತ್ತಡಿಯ ಶೆಡ್ಡೊಂದು ನನ್ನ ಮರಗೆಲಸದ ಕೋಣೆ. ಅಲ್ಲಿಗೆ ಹೊಂದುವ ಸಣ್ಣ ಜಾಯಿಂಟರ್ ಯಾವುದು ಎಂದು ಕೆಲವು ತಿಂಗಳು ಹುಡುಕಿದೆ. ಬೆಲೆ, ಅಗಲ, ಮೋಟಾರು ಎಂದು ಪಟ್ಟಿ ಮಾಡುತ್ತ ಹೋದಂತೆ, ಪಟ್ಟಿಯ ಪ್ರತಿಯೊಂದು ಸಾಲಿನ ಹಿಂದೆ ಒಂದು ಇತಿಹಾಸ ಇರುವುದು ಕಂಡಿತು. ಅಮೆರಿಕದ ಸಣ್ಣ ಯಂತ್ರ ಯಾಕೆ ಹಾಗಿದೆ, ಯುರೋಪಿನದು ಯಾಕೆ ಬೇರೆ, ನಮ್ಮಲ್ಲಿ ಮನೆಗೆಂದೇ ಮಾಡಿದ ಯಂತ್ರ ಯಾಕೆ ಇಲ್ಲವೆನ್ನುವಷ್ಟು ಕಡಿಮೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಆಯ್ಕೆ ಮಾಡುವುದು ಸಾಧ್ಯವಿರಲಿಲ್ಲ. ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಮೊದಲು ಹೆಸರು. ಕನ್ನಡದ ಹಳೆಯ ಪದ ಕೀಸುಳಿ. ಕೀಸುವ ಉಳಿ. ತಮಿಳಿನಲ್ಲಿ ಇದೇ ಸಲಕರಣೆ ಇಳೈಪ್ಪುಳಿ. ‘ಇಳೈ’ ಎಂದರೆ ನಯಗೊಳಿಸು, ಜೊತೆಗೆ ಅದೇ ‘ಉಳಿ’. ಎರಡು ಭಾಷೆಗಳೂ ಅದನ್ನು ಕಟ್ಟಿಗೆಯ ಗೂಡಿನೊಳಗೆ ಕುಳಿತ ಉಳಿ ಎಂದೇ ನೋಡಿವೆ, ಅದು ನಿಜವೂ ಹೌದು. ಉಳಿ ಕೈಯಲ್ಲಿದ್ದರೆ ಎಷ್ಟು ಆಳಕ್ಕೆ ಹೋಗುತ್ತದೆಂದು ಕೈ ತೀರ್ಮಾನಿಸಬೇಕು. ಅದನ್ನೇ ಚಪ್ಪಟೆ ತಳದ ಕೊರಡಿನಲ್ಲಿ ಕೂಡಿಸಿದರೆ ಆ ತಳ ತೀರ್ಮಾನಿಸುತ್ತದೆ. ಮೈಸೂರು ಕಡೆ ತೋಪಡ ಎನ್ನುತ್ತಾರೆ. ಇವೆಲ್ಲವನ್ನೂ ಬದಿಗೊತ್ತಿ ಇಂದು ಊರೂರಿನ ಕಾರ್ಪೆಂಟರ್‌ಗಳ ಬಾಯಲ್ಲಿರುವ ರಂದಾ ಪಾರಸಿಯಿಂದ ಬಂದ ಮಾತು. ಸಲಕರಣೆ ಮಾತ್ರ ಇನ್ನೂ ಹಳೆಯದು. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಪಾಂಪೆಯಲ್ಲಿ ರೋಮನ್ನರ ಕೀಸುಳಿಗಳು ಸಿಕ್ಕಿವೆ.

ಕೀಸುಳಿಗಳಲ್ಲಿ ಉದ್ದನೆಯದಕ್ಕೆ ಇಂಗ್ಲಿಷಿನಲ್ಲಿ ಜಾಯಿಂಟರ್ ಎಂಬ ಹೆಸರು ಬಂತು. ಲಂಡನ್ನಿನ ಜೋಸೆಫ್ ಮಾಕ್ಸನ್ 1670ರ ದಶಕದ ಕೊನೆಯಲ್ಲಿ ಕಂತುಗಳಲ್ಲಿ ಹೊರತರತೊಡಗಿದ ‘ಮೆಕ್ಯಾನಿಕ್ ಎಕ್ಸರ್ಸೈಸಸ್’ ಎಂಬ ಕಸುಬಿನ ಪುಸ್ತಕದಲ್ಲೇ ಆ ಹೆಸರಿದೆ. ಉದ್ದ ಯಾಕೆ ಬೇಕು? ಗಿಡ್ಡ ತಳದ ಕೀಸುಳಿ ಹಲಗೆಯ ಉಬ್ಬುತಗ್ಗುಗಳನ್ನು ಏರಿ ಇಳಿದು ಎರಡನ್ನೂ ನಯಮಾಡಿಬಿಡುತ್ತದೆ, ನಯವಾದರೂ ನೇರವಾಗುವುದಿಲ್ಲ. ಉದ್ದ ತಳದ್ದು ಉಬ್ಬಿನಿಂದ ಉಬ್ಬಿಗೆ ಸೇತುವೆಯಂತೆ ಕುಳಿತು, ಉಬ್ಬುಗಳನ್ನು ಕೆತ್ತಿದ ಮೇಲಷ್ಟೇ ತಗ್ಗಿಗೆ ಇಳಿಯುತ್ತದೆ. ಅಮೆರಿಕದ ಸ್ಟಾನ್ಲಿ ಕಂಪನಿ 1869ರಲ್ಲಿ ಲಿಯೊನಾರ್ಡ್ ಬೇಯ್ಲಿಯ ವ್ಯವಹಾರವನ್ನು ಕೊಂಡು ಹೆಸರು ಮಾಡಿದ ಕಬ್ಬಿಣದ ಕೀಸುಳಿಗಳಲ್ಲಿ 7ನೇ ನಂಬರಿನದು 22 ಅಂಗುಲ, 8ನೇ ನಂಬರಿನದು 24 ಅಂಗುಲ. ಅವೆರಡೂ ಜಾಯಿಂಟರ್‌ಗಳೇ. ಈ ಒಂದು ತತ್ವ ನೆನಪಿರಲಿ. ಮುಂದೆ ಯಂತ್ರದ ಮೇಜು ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಕತೆಯಲ್ಲಿ ಮೊದಲು ಬರುವವನು ಸ್ಯಾಮುಯೆಲ್ ಬೆಂಥಮ್, ತತ್ವಜ್ಞಾನಿ ಜೆರೆಮಿ ಬೆಂಥಮ್‌ನ ತಮ್ಮ. 1791ರಲ್ಲಿ ಅವನು ಪಡೆದ ಪೇಟೆಂಟಿನ ಯಂತ್ರ ಬಡಗಿಯ ಕೈಯನ್ನೇ ಅನುಕರಿಸುತ್ತಿತ್ತು. ದೊಡ್ಡ ಕೀಸುಳಿಯೊಂದು ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು. 1793ರ ಪೇಟೆಂಟಿನಲ್ಲಿ ತಿರುಗುವ ಅಲಗಿನ ವಿಚಾರ ಬಂತು. ಈ ಯಂತ್ರಗಳನ್ನು ಅಣ್ಣತಮ್ಮಂದಿರು ಕಟ್ಟಿಸುತ್ತಿದ್ದುದು ವೆಸ್ಟ್‌ಮಿನ್‌ಸ್ಟರಿನಲ್ಲಿದ್ದ ಜೆರೆಮಿಯ ಮನೆಯಲ್ಲಿ. ಉದ್ದೇಶವೂ ವಿಚಿತ್ರವಾದದ್ದು. ಜೆರೆಮಿಯ ಕನಸಿನ ಪ್ಯಾನಾಪ್ಟಿಕಾನ್ ಸೆರೆಮನೆಯಲ್ಲಿ ಕಸುಬು ಬಾರದ ಕೈದಿಗಳಿಂದ ಮರಗೆಲಸ ಮಾಡಿಸಬೇಕಿತ್ತು. ನೈಪುಣ್ಯವನ್ನು ಕೈಯಿಂದ ತೆಗೆದು ಯಂತ್ರದೊಳಗೆ ಇಡಬೇಕೆಂಬ ಆಲೋಚನೆ ಹುಟ್ಟಿದ್ದು ಹೀಗೆ. ಮನೆಯಲ್ಲಿ ಹವ್ಯಾಸಕ್ಕೆ ಯಂತ್ರ ಇಟ್ಟುಕೊಳ್ಳುವ ನನ್ನಂಥವರಿಗೆ ಇದು ಸ್ವಲ್ಪ ಇರುಸುಮುರುಸಿನ ವಂಶಾವಳಿ. ನಾವೂ ಒಂದರ್ಥದಲ್ಲಿ ಕಸುಬು ಬಾರದವರೇ, ಸದ್ಯ ಕೈದಿಗಳಲ್ಲ.

ಸ್ಯಾಮುಯೆಲ್ ಮುಂದೆ ಬ್ರಿಟಿಷ್ ನೌಕಾಪಡೆಯ ಹಡಗುಕಟ್ಟೆಗಳ ಮೇಲ್ವಿಚಾರಕನಾದ. ಪೋರ್ಟ್ಸ್‌ಮತ್ತಿನಲ್ಲಿ ಮಾರ್ಕ್ ಬ್ರುನೆಲ್ ರೂಪಿಸಿ ಹೆನ್ರಿ ಮಾಡ್ಸ್‌ಲೆ ಮಾಡಿಕೊಟ್ಟ ರಾಟೆ ತಯಾರಿಸುವ ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ಹಡಗಿನ ರಾಟೆಗಳನ್ನು ಮಾಡುತ್ತಿದ್ದವು. ನೂರಹತ್ತು ಜನರ ಕೆಲಸಕ್ಕೆ ಹತ್ತು ಜನ ಸಾಕಾದರು. 1802ರಲ್ಲಿ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹಲಗೆ ಕೀಸುವ ಯಂತ್ರ ವುಲಿಚ್‌ನ ಶಸ್ತ್ರಾಗಾರಕ್ಕೆ ಹೋಯಿತು. ಈ ಯಂತ್ರಗಳು ಮೊದಲು ಕೆಲಸ ಮಾಡಿದ್ದು ಯುದ್ಧದ ಮನೆಯಲ್ಲಿ.

ಪೇಟೆಯ ಬಡಗಿಯನ್ನು ಮುಟ್ಟಿದ್ದು ಅಮೆರಿಕದ ವಿಲಿಯಂ ವುಡ್‌ವರ್ತ್‌ನ ಯಂತ್ರ. 1828ರ ಡಿಸೆಂಬರಿನಲ್ಲಿ ಸಿಕ್ಕ ಆ ಪೇಟೆಂಟು ಹದಿನಾಲ್ಕು ವರ್ಷಕ್ಕೆ ಮುಗಿಯಬೇಕಿತ್ತು. ಎರಡು ಸಲ ವಿಸ್ತರಣೆ ಪಡೆದು 1856ರವರೆಗೆ ಎಳೆಯಿತು. ಅಷ್ಟು ವರ್ಷ ಅಮೆರಿಕದಲ್ಲಿ ಹಲಗೆ ಕೀಸಿದವರೆಲ್ಲ ಪೇಟೆಂಟ್ ಹಿಡಿದವರಿಗೆ ಕಪ್ಪ ಕೊಡಬೇಕಾಯಿತು, ಇಲ್ಲವೇ ಕೋರ್ಟಿಗೆ ಹೋಗಬೇಕಾಯಿತು. ಮೂರನೆಯ ಬಾರಿ ವಿಸ್ತರಿಸಲು ಅಲ್ಲಿನ ಸಂಸತ್ತು ಒಪ್ಪಲಿಲ್ಲ. ಆಮೇಲೆ ಈ ಯಂತ್ರಗಳು ಎಲ್ಲೆಡೆ ಹಬ್ಬಿದವು.

ಮದರಾಸಿನ ಕತೆಯೂ ಇದೇ ಕಾಲದ್ದು. ಸಿಂಪ್ಸನ್ ಕಂಪನಿ 1840ರಲ್ಲಿ ಇಲ್ಲಿ ಗಾಡಿ ಕಟ್ಟುವ ಕಸುಬಿನಿಂದಲೇ ಶುರುವಾಯಿತು. 1850ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಹಂಟರ್ ಕಲಾಶಾಲೆ ತೆರೆದ. ಅದೇ ಮುಂದೆ ಸರ್ಕಾರದ ಕೈಗೆ ಬಂದು, ಇಂದು ಎಗ್ಮೋರ್ ಬಳಿ ಇರುವ ಲಲಿತಕಲಾ ಕಾಲೇಜಾಗಿದೆ. 1856ರ ಜುಲೈ 1ರಂದು ರಾಯಪುರಂನಿಂದ ವಾಲಾಜಾ ರಸ್ತೆಯವರೆಗೆ ದಕ್ಷಿಣ ಭಾರತದ ಮೊದಲ ರೈಲು ಓಡಿತು. ಅದೇ ವರ್ಷ ಪೆರಂಬೂರಿನಲ್ಲಿ ರೈಲ್ವೆ ಕಾರ್ಯಾಗಾರ ಬಂತು. ಆಗಿನ ರೈಲು ಡಬ್ಬಿಯ ಮೈಯೆಲ್ಲ ಮರ. ಆ ಕಾಲಕ್ಕೆ ಮಂಗಳೂರೂ ಇದೇ ಮದರಾಸು ಪ್ರಾಂತ್ಯದಲ್ಲಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದರೂ ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಆಡಳಿತದಲ್ಲೇ ಇತ್ತು. ಹಂಟರನ ಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ಕೆಲಸ ಆರಂಭಿಸಿದ ಆಲ್‌ಫ್ರೆಡ್ ಚಾಟರ್‌ಟನ್ನೇ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದವನು. ಕಸುಬನ್ನು ಶಾಲೆಯಲ್ಲಿ, ಯಂತ್ರದ ಜೊತೆ ಕಲಿಸಬೇಕೆಂಬ ಮಾತು ಈ ಎರಡು ಊರುಗಳ ನಡುವೆ ಹೀಗೆ ಓಡಾಡಿದೆ.

ಆದರೆ 1955ರ ಅಕ್ಟೋಬರ್ 2ರಂದು ಪೆರಂಬೂರಿನಲ್ಲೇ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ ಉದ್ಘಾಟನೆಯಾಯಿತು. ಸ್ವಿಟ್ಜರ್‌ಲೆಂಡಿನ ವಿನ್ಯಾಸದ ಪೂರಾ ಉಕ್ಕಿನ ಡಬ್ಬಿಗಳು ಬಂದವು. ದೊಡ್ಡ ಕೈಗಾರಿಕೆಗೆ ಘನ ಮರ ಬೇಡವಾಗುತ್ತ ಹೋದಂತೆ ಅದು ಮನೆಗಳಲ್ಲಿ ಮಾತ್ರ ಉಳಿಯಿತು. ಅಲ್ಲಿಗೂ ಪ್ಲೈವುಡ್ ಬಂತು. ಪ್ಲೈವುಡ್ಡಿಗೆ ಜಾಯಿಂಟರ್ ಬೇಕಾಗಿಲ್ಲ, ಅದು ಕಾರ್ಖಾನೆಯಿಂದಲೇ ಚಪ್ಪಟೆಯಾಗಿ ಬರುತ್ತದೆ. ನಮ್ಮಲ್ಲಿ ಕಾರ್ಪೆಂಟರ್ ಮನೆಗೇ ಬಂದು ಅಲ್ಲೇ ಕೂತು ಕೆಲಸ ಮಾಡುತ್ತಾನೆ. ಅವನಿಗೆ ಚೀಲದಲ್ಲಿ ಹಿಡಿಯುವ ಸಲಕರಣೆ ಬೇಕು. 1958ರಲ್ಲಿ ಜಪಾನಿನ ಮಕೀಟಾ ಆ ದೇಶದ ಮೊದಲ ಕೈಯಲ್ಲಿ ಹಿಡಿಯುವ ವಿದ್ಯುತ್ ಕೀಸುಳಿ ತಂದಿತು. ಅದೇ ಜಾತಿಯ 82 ಮಿಲಿಮೀಟರ್ ಅಗಲದ ಯಂತ್ರ ಇಂದು ನಮ್ಮ ಪ್ರತಿ ಕಾರ್ಪೆಂಟರ್‌ನ ಚೀಲದಲ್ಲಿದೆ. ಹವ್ಯಾಸಿ ಎಂಬ ಗಿರಾಕಿಯೇ ಇಲ್ಲದ ಕಡೆ ಹವ್ಯಾಸಿಯ ಜಾಯಿಂಟರ್ ಹುಟ್ಟಲಿಲ್ಲ.

ಅಮೆರಿಕದಲ್ಲಿ ಆಗಿದ್ದು ಇದರ ತದ್ವಿರುದ್ಧ. 1919ರಲ್ಲಿ ಮಿಲ್‌ವಾಕಿಯಲ್ಲಿ ಹರ್ಬರ್ಟ್ ಟೌಟ್ಜ್ ಶುರುಮಾಡಿದ ಡೆಲ್ಟಾದಂಥ ಕಂಪನಿಗಳು, ಮನೆಮನೆಗೆ ವಿದ್ಯುತ್ತು ಮತ್ತು ಸಣ್ಣ ಮೋಟಾರು ಬಂದ ಕಾಲಕ್ಕೆ, ನೆಲಮಾಳಿಗೆಯಲ್ಲಿ ಇಡುವ ನಾಲ್ಕಂಗುಲ, ಆರಂಗುಲದ ಜಾಯಿಂಟರ್‌ಗಳನ್ನು ಮಾರಿದವು. ಅಲ್ಲಿನವರಿಗೆ ಜಾಗವಿತ್ತು. ಹಾಗಾಗಿ ಜಾಯಿಂಟರ್ ಬೇರೆ, ದಪ್ಪ ಸಮಮಾಡುವ ಥಿಕ್‌ನೆಸರ್ ಬೇರೆ ಎಂಬ ಪದ್ಧತಿ ಬೆಳೆಯಿತು. ಯುರೋಪಿನ ಸಣ್ಣ ಮನೆಗಳಿಗೆ ಅದು ಹಿಡಿಸಲಿಲ್ಲ. ಅಲ್ಲಿ ಒಂದೇ ಅಲಗಿನ ಮೇಲೆ ಜಾಯಿಂಟರ್, ಕೆಳಗೆ ಥಿಕ್‌ನೆಸರ್ ಇರುವ ಜೋಡಿಯಂತ್ರ ಬಂತು. ಸ್ವಿಸ್ ಕಂಪನಿ ಇಂಜೆಕ್ಟಾ ಇಂಕಾ ಎಂಬ ಹೆಸರಿನಲ್ಲಿ ಅಲ್ಯೂಮಿನಿಯಂ ಎರಕದ ಹಗುರ ಯಂತ್ರಗಳನ್ನೇ ಮಾಡಿತು. ಎಂಟು, ಹತ್ತು ಅಂಗುಲ ಅಗಲದ ಇಂದಿನ ಯುರೋಪಿನ ಸಣ್ಣ ಜೋಡಿಯಂತ್ರಗಳು ಆ ದಾರಿಯಲ್ಲೇ ಬಂದವು.

ಇಲ್ಲಿ ಸ್ವಲ್ಪ ನಿಂತು, ಜಾಯಿಂಟರ್ ಮಾಡುವುದೇನು ಎಂಬುದನ್ನು ನೋಡೋಣ. ಅದೊಂದು ತಲೆಕೆಳಗಾದ ಕೀಸುಳಿ. ನಡುವೆ ತಿರುಗುವ ಅಲಗಿನ ಉರುಳೆ, ಎರಡು ಪಕ್ಕ ಎರಡು ಮೇಜು. ಹಲಗೆ ಒಳಬರುವ ಮೇಜು, ಎಷ್ಟು ಕೀಸಬೇಕೋ ಅಷ್ಟು ತಗ್ಗಿನಲ್ಲಿರುತ್ತದೆ. ಹೊರಹೋಗುವ ಮೇಜು ಅಲಗಿನ ತುದಿಗೆ ಸರಿಸಮ. ಕೀಸಿದ ಭಾಗ ಹೊರಮೇಜಿನ ಮೇಲೆ ಕುಳಿತು, ಮುಂದಿನ ಭಾಗಕ್ಕೆ ತಾನೇ ಆಧಾರವಾಗುತ್ತದೆ. ಮೊದಲು ಒಂದು ಮುಖ ಚಪ್ಪಟೆ. ಆ ಮುಖವನ್ನು ಲಂಬವಾಗಿ ನಿಂತ ಫೆನ್ಸಿಗೆ ಒತ್ತಿ ಹಿಡಿದು ನೂಕಿದರೆ ಅಂಚು ಮೂಲೆಮಟ್ಟ. ‘ಥಿಕ್‌ನೆಸರ್ ಒಂದಿದ್ದರೆ ಸಾಲದೇ?’ ಎಂದು ಅನೇಕರು ಕೇಳುತ್ತಾರೆ. ಸಾಲದು. ಅದರ ಉರುಳೆಗಳು ತಿರುಚಿದ ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿ ಕೀಸುತ್ತವೆ. ಹೊರಬಂದ ಕೂಡಲೇ ಹಲಗೆ ಮತ್ತೆ ತಿರುಚಿಕೊಳ್ಳುತ್ತದೆ. ದಪ್ಪ ಸಮವಾಗಿರುತ್ತದೆ, ಸೊಟ್ಟವೂ ಹಾಗೇ ಉಳಿದಿರುತ್ತದೆ.

ಚೆನ್ನೈಯಲ್ಲಿ ಮರ ಕೊಳ್ಳಲು ವಾಲ್‌ಟ್ಯಾಕ್ಸ್ ರಸ್ತೆಗೆ ಹೋಗುವುದುಂಟು. ಸೆಂಟ್ರಲ್ ಸ್ಟೇಷನ್ನಿನ ಪಕ್ಕದಿಂದ ಉತ್ತರಕ್ಕೆ ಹೋಗುವ ಆ ರಸ್ತೆಯ ಹೆಸರಿನಲ್ಲಿ ನಮ್ಮ ಕಡೆಯವನೊಬ್ಬನ ನೆರಳಿದೆ. ಮೊದಲು ಫ್ರೆಂಚರ ಮುತ್ತಿಗೆ, ಆಮೇಲೆ ಶ್ರೀರಂಗಪಟ್ಟಣದ ಹೈದರಾಲಿಯ ದಾಳಿ. 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಬಂದು ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಹೆದರಿದ ಕಂಪನಿ ಊರಿನ ಸುತ್ತ ಗೋಡೆ ಕಟ್ಟಿಸಿ, ಅದರ ಖರ್ಚಿಗೆ ನಿವಾಸಿಗಳ ಮೇಲೆ ತೆರಿಗೆ ಹಾಕಲು ಹೊರಟಿತು. ತೆರಿಗೆ ವಸೂಲಾಗಲಿಲ್ಲ, ಗೋಡೆ ಬಹುತೇಕ ಹೋಯಿತು, ರಸ್ತೆಗೆ ಹೆಸರು ಉಳಿಯಿತು.

ಆ ರಸ್ತೆಯ ಅಂಗಡಿಗಳಲ್ಲಿ ಈಗ ತೇಗ ಕೇಳಿದರೆ ಯಾವ ದೇಶದ್ದು ಎಂದು ಅವರೇ ಮರುಪ್ರಶ್ನೆ ಹಾಕುತ್ತಾರೆ. ಒಂದು ಕಾಲಕ್ಕೆ ರಂಗೂನು, ಮೌಲ್ಮೇನ್‌ಗಳಿಂದ ಹಡಗಿನಲ್ಲಿ ಬರ್ಮಾ ತೇಗ ಬರುತ್ತಿತ್ತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಚಾತು ಮೆನೋನರ ನೆರವಿನಿಂದ ನಿಲಂಬೂರಿನಲ್ಲಿ ತೇಗದ ತೋಪು ಬೆಳೆಸಿದ. ನಮ್ಮ ದಾಂಡೇಲಿಯ ಹೆಸರಂತೂ ತೇಗಕ್ಕೆ ಅಂಟಿಕೊಂಡೇ ಇದೆ. ನೀಲಗಿರಿಯ ಗೂಡಲೂರಿನ ಕಾಡು ಕಡಿತದ ವಿರುದ್ಧ ಗೋದಾವರ್ಮನ್ ತಿರುಮುಲ್ಪಾಡ್ ಹಾಕಿದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ದೇಶದ ಕಾಡುಮರದ ವ್ಯಾಪಾರವನ್ನೇ ಬದಲಿಸಿತು. 2014ರ ಏಪ್ರಿಲ್ 1ರಿಂದ ಬರ್ಮಾ ಕೂಡ ದಿಮ್ಮಿಗಳ ರಫ್ತು ನಿಲ್ಲಿಸಿತು. ಈಗ ಬರುವುದರಲ್ಲಿ ಬಹುಪಾಲು ಘಾನಾ, ತಾಂಜಾನಿಯಾ, ಈಕ್ವೆಡಾರ್, ಪನಾಮಾದಂಥ ಕಡೆಗಳ ತೋಪಿನ ಎಳೆಯ ಮರ. ಎಳೆಯ ದಿಮ್ಮಿಯಿಂದ ಅಗಲದ ಹಲಗೆ ಬರುವುದಿಲ್ಲ, ಬಂದದ್ದು ಹೆಚ್ಚು ಬಾಗುತ್ತದೆ.

ಜಾಯಿಂಟರ್ ಆರಿಸುವವನಿಗೆ ಈ ವಿಷಯ ನೇರವಾಗಿ ಬೇಕು. ನಮ್ಮ ಅಜ್ಜನ ಕಾಲದ ಬಾಗಿಲಿನ ಹದಿನಾಲ್ಕಂಗುಲದ ಒಂಟಿ ಹಲಗೆ ಇಂದು ಸಿಗುವುದಿಲ್ಲವಾದ್ದರಿಂದ ಆರಂಗುಲದ, ಅಂದರೆ 152 ಮಿಲಿಮೀಟರಿನ ಯಂತ್ರ ನಮಗೆ ಬಹುಮಟ್ಟಿಗೆ ಸಾಕು. ಕಿರಿದಾದ ಹಲಗೆಗಳನ್ನು ಹೆಚ್ಚು ಕೂಡಿಸಬೇಕಾದ್ದರಿಂದ, ಮೊದಲಿಗಿಂತ ಹೆಚ್ಚು ಅಂಚುಗಳನ್ನು ನೇರಮಾಡಬೇಕು. ಮರದ ಕೊರತೆ ಜಾಯಿಂಟರನ್ನು ಚಿಕ್ಕದಾಗಿಸಿತು, ಅದರ ಅಗತ್ಯವನ್ನು ದೊಡ್ಡದಾಗಿಸಿತು.

ನನ್ನ ಬಳಿ ಇರುವುದು ತೇಗವಲ್ಲ, ಬೇವು. ಸುಪ್ರೀಂ ಕೋರ್ಟಿನ ಆ ಆದೇಶಕ್ಕೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ, 2016ರ ಡಿಸೆಂಬರ್ 12ರಂದು, ವರ್ದಾ ಚಂಡಮಾರುತ ಚೆನ್ನೈಯ ಸಾವಿರಾರು ಮರಗಳನ್ನು ಉರುಳಿಸಿತು. ಸಹೋದ್ಯೋಗಿಯೊಬ್ಬರ ಮನೆಯಂಗಳದ ಬೇವು ಅವುಗಳಲ್ಲೊಂದು. ಸೌದೆಗೆ ಹೋಗುವುದಿತ್ತು, ಸಾಮಿಲ್ಲಿಗೆ ಹಾಕಿಸಿ ಹಲಗೆ ಕೊಯ್ಸಿ, ಮಹಡಿಯ ಮೆಟ್ಟಿಲ ಕೆಳಗೆ ಒಣಗಿಸಿದೆವು. ನಾಲ್ಕಡಿ ಉದ್ದ, ಐದಾರು ಅಂಗುಲ ಅಗಲದ ಹನ್ನೊಂದು ಹಲಗೆಗಳು, ಒಂದೂ ನೇರವಿಲ್ಲ. ಅವುಗಳಿಂದ ಮಗಳಿಗೆ ಓದುವ ಮೇಜು ಆಗಬೇಕು. ಅಂಗಡಿಯ ಮೇಜಿಗಿಂತ ಇದು ಅಗ್ಗವಾಗುವುದಿಲ್ಲ ಎಂದು ಗೊತ್ತಿದ್ದೂ, ಈ ಊರಿನ ಒಂದು ಮರವನ್ನು ಈ ಊರಲ್ಲೇ ಬೆಳೆಯುತ್ತಿರುವ ಮಗುವಿಗೆ ಉಳಿಸಿಕೊಡುವ ಆಸೆ.

ಚೆನ್ನೈಯ ಹವೆ ಇದರಲ್ಲಿ ಕೈಯಾಡಿಸುತ್ತದೆ. ಮರ ಸುತ್ತಲ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. 30 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ತೇವ 75 ಶೇಕಡ ಇದ್ದರೆ ಮರದ ತೇವ ಸುಮಾರು 14 ಶೇಕಡಕ್ಕೆ ನಿಲ್ಲುತ್ತದೆ. ಗಾಳಿಯ ತೇವ 50 ಇದ್ದರೆ ಸುಮಾರು 9ಕ್ಕೆ ಇಳಿಯುತ್ತದೆ. ಬಯಲುಸೀಮೆಯಿಂದ ತಂದ ಹಲಗೆ ಇಲ್ಲಿ ಉಬ್ಬುವುದು, ಇಲ್ಲಿಂದ ಎಸಿ ಕೋಣೆಗೆ ಹೋದದ್ದು ಕುಗ್ಗುವುದು ಇದರಿಂದ. ಆದ್ದರಿಂದ ಬಳಸುವ ಊರಿನಲ್ಲೇ ಹಲಗೆಯನ್ನು ಕೆಲವು ವಾರ ಬಿಟ್ಟು, ಕೀಸಿದ ದಿನವೇ ಅಂಟಿಸುವುದು ಮೇಲು. ಯಂತ್ರದ ಮೇಜಿಗೂ ಇದೇ ಹವೆ. ಎರಕದ ಕಬ್ಬಿಣ ಭಾರವಿರುವುದರಿಂದ ಅದುರುವುದಿಲ್ಲ, ಆದರೆ ಸಮುದ್ರದ ಗಾಳಿಗೆ ಎರಡು ದಿನದಲ್ಲಿ ಕೆಂಪಾಗುತ್ತದೆ. ಅಲ್ಯೂಮಿನಿಯಂ ಹಾಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಮೇಜು ಗಿಡ್ಡ, ಫೆನ್ಸ್ ಬಳುಕುತ್ತದೆ.

ಇನ್ನು ಬೆರಳಿನ ವಿಷಯ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದು. ಹಳೆಯ ಯಂತ್ರಗಳ ಅಲಗಿನ ಉರುಳೆ ಚೌಕವಾಗಿತ್ತು, ನಾಲ್ಕು ಮುಖದ ಉಕ್ಕಿನ ದಿಂಡಿಗೆ ಅಲಗುಗಳನ್ನು ಬೋಲ್ಟು ಹಾಕಿ ಬಿಗಿದಿದ್ದರು. ಚೌಕದ ಚಪ್ಪಟೆ ಮುಖ ಮತ್ತು ಮೇಜಿನ ತುಟಿಯ ನಡುವೆ ಆಳವಾದ ಬಾಯಿ ತೆರೆಯುತ್ತದೆ. ಜಾರಿದ ಕೈ ಅದರೊಳಗೆ ಸೆಳೆದುಹೋಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ದುಂಡು ಉರುಳೆ ಬಂತು. ಅಲಗು ಅದರಿಂದ ತುಸುವೇ ಹೊರಗೆ ಚಾಚುತ್ತದೆ, ಬಾಯಿ ಮುಚ್ಚಿರುತ್ತದೆ. ಗಾಯ ಆಗುವುದಿಲ್ಲವೆಂದಲ್ಲ, ಕೈ ಹೋಗುವ ಕಡೆ ಬೆರಳಿನ ತುದಿ ಹೋಗುತ್ತದೆ. ಬ್ರಿಟನ್ನಿನ 1922ರ ಮರಗೆಲಸ ಯಂತ್ರಗಳ ನಿಯಮಗಳು, ಕೈಯಿಂದ ನೂಕುವ ಪ್ಲೇನರಿಗೆ ದುಂಡು ಉರುಳೆಯೇ ಇರಬೇಕೆಂದು ಕಡ್ಡಾಯ ಮಾಡಿದವು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ ಕೆಳಗಿನ ನಿಯಮಗಳಲ್ಲೂ ಅದೇ ಮಾತಿತ್ತು, ಅಲಗಿನ ಬಾಯಿಯನ್ನು ಪೂರ್ತಿ ಮುಚ್ಚಬಲ್ಲ ಸೇತುವೆಯಂಥ ಗಾರ್ಡ್ ಇರಬೇಕೆಂಬ ಮಾತೂ ಇತ್ತು. ಆದರೆ 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆ ವಿದ್ಯುತ್ ಬಳಸುವ ಕಡೆ ಸಾಮಾನ್ಯವಾಗಿ ಶುರುವಾಗುತ್ತಿದ್ದುದು ಹತ್ತು ಕೆಲಸಗಾರರಿಂದ. ಮೂವರು ದುಡಿಯುವ ಬೀದಿಬದಿಯ ಶೆಡ್ಡು ಅದರ ಹೊರಗಿತ್ತು. ನನ್ನ ಶೆಡ್ಡೂ ಹೊರಗೆ.

ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲು ಚೌಕಟ್ಟು ಮಾಡುವ ಆಚಾರಿಯೊಬ್ಬರಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಎಡಗೈಯ ಉಂಗುರದ ಬೆರಳು ಅರ್ಧ ಮಾತ್ರ. ಅವರ ಯಂತ್ರದ ಒಂದೇ ದಂಡಿಗೆ ರಂದಾ, ಗರಗಸ ಎರಡೂ ಸೇರಿವೆ; ಒಂದರಲ್ಲಿ ಕೆಲಸ ಮಾಡುವಾಗ ಇನ್ನೊಂದೂ ಸುಮ್ಮನೆ ತಿರುಗುತ್ತಿರುತ್ತದೆ. ನಾನು ಕೊಳ್ಳಲು ಹೊರಟಿರುವುದು ಸಣ್ಣದು ಎಂದಾಗ ತಮಿಳಿನಲ್ಲಿ ಅವರು ಹೇಳಿದ್ದು ಇಷ್ಟು: ‘ತಂಬಿ, ಮೆಷಿನ್ ಚಿಕ್ಕದಾದರೆ ಏಟೇನೂ ಚಿಕ್ಕದಾಗುವುದಿಲ್ಲ. ನಿಮಗೆ ಕೀಬೋರ್ಡಿಗೆ ಹತ್ತೂ ಬೇಕಲ್ಲ, ನೋಡಿಕೊಂಡು ತಗೊಳ್ಳಿ.’ ಆಮೇಲೆ, ಗಿಡ್ಡ ತುಂಡುಗಳನ್ನು ಯಂತ್ರಕ್ಕೆ ಕೊಡದೆ ಕೈರಂದಾದಲ್ಲಿ ಹೊಡೆಯಬೇಕೆಂದೂ, ಒಂದಡಿಗಿಂತ ಕಡಿಮೆಯದನ್ನು ತಾವು ಈಗ ಮುಟ್ಟುವುದಿಲ್ಲವೆಂದೂ ಹೇಳಿದರು.

ಹೀಗೆ ನನ್ನ ಮುಂದೆ ಮೂರು ಇತಿಹಾಸಗಳು ಬಂದು ನಿಂತವು. ಅಮೆರಿಕದ ಆರಂಗುಲದ ಮೇಜಿನ ಮೇಲಿಡುವ ಜಾಯಿಂಟರ್ ಚೆಂದ, ಹಗುರ. ಆದರೆ ಅದು 120 ವೋಲ್ಟಿನ ದೇಶದ್ದು. 10 ಆಂಪಿಯರ್ ಎಳೆಯುವ ಅದಕ್ಕೆ ನಮ್ಮ 230 ವೋಲ್ಟನ್ನು ಇಳಿಸಲು ಸುಮಾರು 2 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು. ಬ್ರಷ್ ಇರುವ ಯುನಿವರ್ಸಲ್ ಮೋಟಾರು ನಮ್ಮ 50 ಹರ್ಟ್ಸಿನಲ್ಲಿ ಓಡುತ್ತದೆ. ಇಂಡಕ್ಷನ್ ಮೋಟಾರಾದರೆ ಆರರಲ್ಲೊಂದು ಪಾಲು ವೇಗ ಕಳೆದುಕೊಳ್ಳುತ್ತದೆ. ಯುರೋಪಿನ ಎಂಟಂಗುಲದ ಜೋಡಿಯಂತ್ರಕ್ಕೆ ವಿದ್ಯುತ್ತಿನ ತಕರಾರಿಲ್ಲ, ಜಾಗದ ಉಳಿತಾಯವೂ ಇದೆ. ಆದರೆ ಅದರ ಅಲಗು, ಬೆಲ್ಟು, ಬೇರಿಂಗು ಮುರಿದರೆ ಮತ್ತೆ ತರಿಸಬೇಕು, ಮೇಲಿನ ಕೆಲಸದಿಂದ ಕೆಳಗಿನದಕ್ಕೆ ಹೋಗುವಾಗ ಪ್ರತಿ ಸಲ ಬಿಚ್ಚಿ ಜೋಡಿಸಬೇಕು. ಅದಲ್ಲದೆ ಈ ಎರಡು ಬಗೆಯ ಹಗುರ ಯಂತ್ರಗಳ ಯುನಿವರ್ಸಲ್ ಮೋಟಾರು ಮಿಕ್ಸಿಯಂತೆ ಕಿರುಚುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಮಹಡಿಯ ಮೇಲಿನ ಮನೆಯವರು ಡೆಸಿಬೆಲ್ ಅಳೆಯುವುದಿಲ್ಲ, ಕೆಳಗೆ ಇಳಿದು ಬರುತ್ತಾರೆ.

ಮೂರನೆಯದು ನಮ್ಮದೇ ಸರ್ಫೇಸ್ ಪ್ಲೇನರ್. ಎರಕದ ಕಬ್ಬಿಣ, ಬೆಲ್ಟಿನಿಂದ ಓಡುವ ಇಂಡಕ್ಷನ್ ಮೋಟಾರು, ಅಂದಚೆಂದ ಇಲ್ಲ. ಲಿಂಗಿಚೆಟ್ಟಿ ಬೀದಿಯ ಯಂತ್ರದ ಅಂಗಡಿಗಳಲ್ಲಿ ವಿಚಾರಿಸಿದರೆ ಮೊದಲು ತೋರಿಸುವುದು ಗರಗಸ ಸೇರಿದ, ಮೂರು ಫೇಸ್ ಮೋಟಾರಿನ ದೊಡ್ಡದನ್ನೇ. ಗರಗಸವಿಲ್ಲದ ಸಣ್ಣದು ಬೇಕು ಎಂದರೆ ‘ಯಾಕೆ ಸಾರ್, ಅದೇ ರೇಟಿಗೆ ಇದು ಬರುತ್ತಲ್ಲ?’ ಎನ್ನುತ್ತಾರೆ. ನಾನು ಆರಿಸಿದ್ದು ಆರಂಗುಲ ಅಗಲ, ಮೂರಡಿ ಮೇಜಿನ, ದುಂಡು ಉರುಳೆಗೆ ಮೂರು ಅಲಗಿರುವ, ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ ಇಂಥದೊಂದನ್ನು. ಗರಗಸ ಬೇಡವೆಂದೆ. ಗಾರ್ಡ್ ಜೊತೆಗೆ ಬರಲಿಲ್ಲ. ಅಂಬತ್ತೂರಿನ ಫ್ಯಾಬ್ರಿಕೇಷನ್ ಶೆಡ್ಡೊಂದರಲ್ಲಿ ಅಲ್ಯೂಮಿನಿಯಂ ಪಟ್ಟಿಯಿಂದ ಸೇತುವೆ ಗಾರ್ಡ್ ಮಾಡಿಸಿದೆ.

ಕಾರಣಗಳು ಇವು. ಜಾಯಿಂಟರ್ ತನ್ನ ಮೇಜಿನ ಉದ್ದದ ಸುಮಾರು ಎರಡರಷ್ಟು ಉದ್ದದ ಹಲಗೆಯನ್ನು ನೇರಮಾಡಬಲ್ಲದು ಎಂಬುದು ಕಸುಬಿನ ಲೆಕ್ಕ. ಮೂರಡಿ ಮೇಜು ಎಂದರೆ ಆರಡಿಯ ಹಲಗೆ. ನನ್ನ ಮೇಜು, ಕಪಾಟುಗಳಿಗೆ ಧಾರಾಳ. ಉರುಳೆ ನಿಮಿಷಕ್ಕೆ 4,300 ಸುತ್ತು ತಿರುಗಿದರೆ ಮೂರು ಅಲಗಿಗೆ ಸುಮಾರು 13,000 ಕಡಿತ. ನಿಮಿಷಕ್ಕೆ ಮೂರು ಮೀಟರ್ ನೂಕಿದರೆ ಒಂದು ಕಡಿತದಿಂದ ಇನ್ನೊಂದಕ್ಕೆ ಕಾಲು ಮಿಲಿಮೀಟರಿಗಿಂತ ಕಡಿಮೆ ಅಂತರ. ಅಂಟಿಸುವ ಅಂಚಿಗೆ ಅಷ್ಟು ನಯ ಸಾಕು. ಅಲಗು ಮೊಂಡಾದರೆ ಸಾಣೆ ಹಿಡಿಯುವವರು ಊರಲ್ಲೇ ಇದ್ದಾರೆ, ಬೆಲ್ಟು ಯಾವ ಅಂಗಡಿಯಲ್ಲೂ ಸಿಗುತ್ತದೆ. ತುಕ್ಕಿಗೆ, ಕೆಲಸ ಮುಗಿದ ಮೇಲೆ ಮೇಣ ಉಜ್ಜಿ ಹಳೆಯ ಬೆಡ್‌ಶೀಟ್ ಹೊದಿಸುವ ಅಭ್ಯಾಸ.

ಕೊಳ್ಳುವವರು ಅಂಗಡಿಯಲ್ಲೇ ನೋಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಉರುಳೆ ದುಂಡೋ ಚೌಕವೋ, ಕವಚ ತೆಗೆಸಿ ಕಣ್ಣಾರೆ ನೋಡಿ. ಚೌಕವಾದರೆ ಎಷ್ಟು ಅಗ್ಗವಾದರೂ ಬಿಟ್ಟುಬನ್ನಿ. ಮೂರಡಿಯ ನಂಬಿಕಸ್ಥ ಸ್ಟ್ರೈಟ್‌ಎಡ್ಜ್ ಒಯ್ದು ಎರಡು ಮೇಜುಗಳ ಮೇಲೆ ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ಕೆಳಗೆ ಬೆಳಕು ಕಾಣುತ್ತದೆಯೇ ಪರೀಕ್ಷಿಸಿ. ಮೇಜುಗಳು ಒಂದಕ್ಕೊಂದು ಸಮಾನಾಂತರವಿಲ್ಲದಿದ್ದರೆ ಆ ಯಂತ್ರ ಪ್ರತಿ ಹಲಗೆಗೂ ತನ್ನ ಸೊಟ್ಟವನ್ನೇ ಕಲಿಸುತ್ತದೆ. ಫೆನ್ಸನ್ನು ತುದಿಯಲ್ಲಿ ಹಿಡಿದು ಅಲ್ಲಾಡಿಸಿ. ಸ್ವಿಚ್ ಮೊಣಕಾಲಿಗೋ ತೊಡೆಗೋ ಸಿಗುವಂತಿದೆಯೇ, ಕರೆಂಟು ಹೋಗಿ ಬಂದಾಗ ತಾನೇ ಶುರುವಾಗದ ಸ್ವಿಚ್ಚೇ, ಕೇಳಿ. ಧೂಳಿನ ದಾರಿ ಎಲ್ಲಿದೆ ನೋಡಿ; ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸೇರಿಸಿದೆ. ಕೈಗವಸು ಹಾಕಿಕೊಂಡು ಈ ಯಂತ್ರದ ಹತ್ತಿರ ಹೋಗಬೇಡಿ, ಹಲಗೆಯನ್ನು ತಳ್ಳಲು ಹಿಡಿಕೆ ಇರುವ ಕೊರಡು ಬಳಸಿ. ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಶುರುವಾದ ಅದು ಮರಗೆಲಸದ ಯಂತ್ರಗಳ ಮೇಲೆ ತರಬೇತಿಯನ್ನೂ ನಡೆಸುತ್ತದೆ.

ಯಂತ್ರ ಬೇಡವೇ ಬೇಡ ಎನ್ನುವವರಿಗೂ ದಾರಿಯಿದೆ. 22 ಅಂಗುಲದ ಕಬ್ಬಿಣದ ಕೈರಂದಾ ಒಂದಿದ್ದರೆ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ರಾತ್ರಿ ಹತ್ತು ಗಂಟೆಗೂ ಅಂಚು ನೇರಮಾಡಬಹುದು. ಎರಡು ಹಲಗೆಗಳನ್ನು ಪುಸ್ತಕದಂತೆ ಮಡಿಸಿ ಒಟ್ಟಿಗೆ ಬಿಗಿದು ಕೀಸಿದರೆ, ಕೋನ ತುಸು ತಪ್ಪಿದ್ದರೂ ಬಿಡಿಸಿಟ್ಟಾಗ ಒಂದರ ತಪ್ಪು ಇನ್ನೊಂದರಲ್ಲಿ ಅಳಿಸಿಹೋಗುತ್ತದೆ. ಹನ್ನೊಂದು ಹಲಗೆಗೆ ಯಂತ್ರದಲ್ಲಿ ಒಂದು ಮಧ್ಯಾಹ್ನ ಹಿಡಿದರೆ, ಕೈಯಲ್ಲಿ ಮೂರು ಭಾನುವಾರ.

ಬೆಂಥಮ್ ಅಣ್ಣತಮ್ಮಂದಿರ ಲೆಕ್ಕದಲ್ಲಿ ಯಂತ್ರ ಬಂದರೆ ನೈಪುಣ್ಯ ಬೇಡವಾಗಬೇಕಿತ್ತು. ಹಾಗೇನೂ ಆಗಲಿಲ್ಲ. ನೇರವನ್ನು ಯಂತ್ರದ ಮೇಜು ಕೊಡುತ್ತದೆ. ಹಲಗೆಯ ಯಾವ ಮುಖವನ್ನು ಕೆಳಗೆ ಹಾಕಬೇಕು, ನಾರು ಯಾವ ಕಡೆಗೆ ಓಡಿದೆ, ಎಲ್ಲಿ ನಿಲ್ಲಿಸಬೇಕು, ಕೈ ಎಲ್ಲಿರಬೇಕು ಎಂಬುದನ್ನು ನೂಕುವವನೇ ತಿಳಿಯಬೇಕು. ಕಾರ್ಖಾನೆಯಲ್ಲಿ ಇದನ್ನು ನೋಡಿಕೊಳ್ಳಲು ಕಾಯ್ದೆ ಇದೆ, ಇನ್‌ಸ್ಪೆಕ್ಟರ್ ಇದ್ದಾನೆ. ಮನೆಯ ಶೆಡ್ಡಿನಲ್ಲಿ ಆ ಎರಡೂ ಕೆಲಸ ನಮ್ಮದೇ. ಅಷ್ಟು ಒಪ್ಪಿಕೊಳ್ಳುವ ಮನಸ್ಸಿದ್ದವರು ಆರಂಗುಲದ ಜಾಯಿಂಟರ್ ಕೊಳ್ಳಬಹುದು.